ಮಿಶ್ರಿಯ ಡಬ್ಬಿ ಮತ್ತು ಹೊಟ್ಟೆಯ ಕೊಬ್ಬು

ಗೋಪನಕೊಪ್ಪದ ಒಂದು ಒಳರಸ್ತೆಯಲ್ಲಿ, ಹಿಟ್ಟಿನ ಗಿರಣಿಯ ಗೋಡೆಗೆ ಒರಗಿ ನಿಂತ ತಗಡಿನ ಶೆಡ್ಡಿನೊಳಗೆ ರಾಜೇಶ್ವರಿ ಜೋಳದ ರೊಟ್ಟಿ ಬಡಿಯುತ್ತಾಳೆ. ಹುಬ್ಬಳ್ಳಿಯ ಎರಡು ಖಾನಾವಳಿಗಳಿಗೆ ಬಿಸಿ ರೊಟ್ಟಿ, ಮದುವೆ ಮನೆಗಳಿಗೆ ಖಡಕ್ ರೊಟ್ಟಿ, ವಾರಕ್ಕೊಮ್ಮೆ ಧಾರವಾಡದ ಸಪ್ತಾಪುರದಲ್ಲಿ ನಮ್ಮಂಥ ಕೆಲವು ಮನೆಗಳಿಗೆ ಒಂದೊಂದು ಕಟ್ಟು. ಗಂಡ ಫಕೀರೇಶ ತನ್ನ ಟಂಟಂ ಆಟೋದಲ್ಲಿ ಅವನ್ನು ಮುಟ್ಟಿಸುತ್ತಾನೆ; ಧಾರವಾಡದ ದಿನ ಅವಳೂ ಜೊತೆಗೆ ಬರುತ್ತಾಳೆ. ವಯಸ್ಸು ನಲವತ್ತರ ಹತ್ತಿರ. ತೋಳು ಗಟ್ಟಿ, ಬೆನ್ನು ನೆಟ್ಟಗೆ. ಹೊಟ್ಟೆ ಮಾತ್ರ ಎರಡು ಸಿಸೇರಿಯನ್‌ಗಳ ನಂತರ ತನ್ನ ಜಾಗಕ್ಕೆ ಮರಳಲಿಲ್ಲ. ಕುಳಿತರೆ ತೊಡೆಯ ಮೇಲೆ ಬರುತ್ತಿತ್ತು, ನಿಂತರೆ ಸೆರಗನ್ನು ಮುಂದಕ್ಕೆ ತಳ್ಳುತ್ತಿತ್ತು.

ಆ ಶೆಡ್ಡಿನ ಒಂದು ಅಭ್ಯಾಸವನ್ನು ಮೊದಲೇ ಹೇಳಬೇಕು. ಒಂದು ಬುಟ್ಟಿ ರೊಟ್ಟಿ ಮುಗಿದು ಇನ್ನೊಂದಕ್ಕೆ ಹಿಟ್ಟು ನಾದುವ ನಡುವೆ ಅಲ್ಲಿಯ ಹೆಂಗಸರು ಕೈ ತೊಳೆದು, ಒಲೆಯಿಂದ ಸ್ವಲ್ಪ ದೂರ ಸರಿದು ಹಲ್ಲಿಗೆ ಮಿಶ್ರಿ ಹಚ್ಚುತ್ತಾರೆ. ಮಿಶ್ರಿ ಎಂದರೆ ತಂಬಾಕಿನ ಎಲೆಯನ್ನು ಹಂಚಿನ ಮೇಲೆ ಕರ್ರಗೆ ಹುರಿದು ಕುಟ್ಟಿದ ಪುಡಿ. ರಾಜೇಶ್ವರಿಯ ತಾಯಿ ಹೊಳೆವ್ವ ಹಳೇ ಹುಬ್ಬಳ್ಳಿಯಿಂದ ದಿನಾ ರೊಟ್ಟಿ ಕೆಲಸಕ್ಕೆ ಬರುತ್ತಾಳೆ. ಪುಡಿ ಹುರಿಯುವುದು ಅವಳ ಪಾಲಿನ ಕೆಲಸ. ಅದಕ್ಕೆಂದೇ ಹಳೆಯ ಕಬ್ಬಿಣದ ಹಂಚೊಂದಿದೆ. ಬೆರಳ ತುದಿಯಲ್ಲಿ ಪುಡಿ ತೆಗೆದುಕೊಂಡು ವಸಡಿಗೆ ತಿಕ್ಕಿ, ತುಟಿಯ ಒಳಗೆ ಸ್ವಲ್ಪ ಇಟ್ಟುಕೊಂಡು, ಎರಡು ಮಾತಾಡಿ, ಉಗುಳಿ, ಬಾಯಿ ಮುಕ್ಕಳಿಸಿ ಮತ್ತೆ ಒಲೆಯ ಮುಂದೆ ಕೂರುವುದು. ಇದನ್ನು ಅಲ್ಲಿ ಯಾರೂ ತಂಬಾಕು ಎನ್ನುವುದಿಲ್ಲ, ಹಲ್ಲುಪುಡಿ ಎನ್ನುತ್ತಾರೆ. ಚಟ ಎಂಬ ಮಾತು ಬಂದರೆ ಆ ಮನೆಯಲ್ಲಿ ಎಲ್ಲರಿಗೂ ನೆನಪಾಗುವುದು ಫಕೀರೇಶನ ಗುಟ್ಕಾ. ರಾಜೇಶ್ವರಿ ಜಗಳವಾಡಿ, ಪೊಟ್ಟಣಗಳನ್ನು ಹಿಡಿಹಿಡಿಯಾಗಿ ಒಲೆಗೆ ಹಾಕಿ ಅದನ್ನು ಬಿಡಿಸಿದ್ದಳು. ಆ ಬಗ್ಗೆ ಅವಳಿಗೆ ಹೆಮ್ಮೆಯಿತ್ತು. ಅವನು ಗುಟ್ಕಾ ಬಿಟ್ಟ ದಿನವೂ ಅವಳು ಎಂದಿನಂತೆ ಹಲ್ಲು ತಿಕ್ಕಿಯೇ ಮಲಗಿದ್ದಳು.

ಹೊಟ್ಟೆಯ ಕೊಬ್ಬು ತೆಗೆಸುವ ಆಪರೇಷನ್ನಿನ ವಿಚಾರ ಹುಟ್ಟಿದ್ದು ಒಂದು ಕುಬಸದಲ್ಲಿ, ಅಂದರೆ ಸೀಮಂತದಲ್ಲಿ. ದಸರೆ ಮುಗಿದ ಮೇಲೆ ಹಳೇ ಹುಬ್ಬಳ್ಳಿಯಲ್ಲಿ ಫಕೀರೇಶನ ಅಣ್ಣನ ಮಗಳಿಗೆ ಕುಬಸ ಮಾಡಿದರು. ಬಸುರಿಗೆ ಹಸಿರು ಸೀರೆ ಉಡಿಸಿ ಕೂರಿಸಿ, ಬಳೆ ಇಡಿಸುತ್ತಿದ್ದರು. ಮುತ್ತೈದೆಯರ ಸಾಲಿನಲ್ಲಿ ರಾಜೇಶ್ವರಿಯೂ ನಿಂತಿದ್ದಳು. ಸೋದರ ಸಂಬಂಧದ ಒಬ್ಬ ಮುದುಕಿ, ಕಣ್ಣು ಮಂಜಾದವಳು, ಅವಳ ಕೈ ಹಿಡಿದು ಬಳೆಗಾರನ ಮುಂದೆ ಚಾಚಿದಳು.

"ಈಕಿಗೂ ಹಸರ ಬಳಿ ಇಡಸ್ರಿ. ದಿನಾ ತುಂಬ್ಯಾವ ನೋಡ್ರಿ."

"ಅಜ್ಜೀ, ಆಕಿದು ಮಕ್ಕಳಾಗದಂಗ ಆಪರೇಷನ್ ಆಗಿ ಹತ್ತ ವರ್ಷ ಆತು!" ಎಂದಳು ಯಾರೋ.

"ಆಪರೇಷನ್ ಆದಮ್ಯಾಲೂ ನಿಂತೈತಂದ್ರ ದೇವರ ಕೊಟ್ಟದ್ದು ಬಿಡ."

"ಯಾವ ಓಣಿ ದೇವರು ಅಂತ ಕೇಳ್ರಿ ಮದ್ಲ!" ಎಂದಳು ಇನ್ನೊಬ್ಬಳು.

ಹೆಂಗಸರು ಬಿದ್ದು ಬಿದ್ದು ನಕ್ಕರು. ರಾಜೇಶ್ವರಿಯೂ ನಕ್ಕಳು, ನಗದೆ ನಿಂತರೆ ಮಾತು ಇನ್ನೂ ಬೆಳೆಯುತ್ತಿತ್ತು. ಬಾಗಿಲಲ್ಲಿ ತಾಟು ಹಿಡಿದು ನಿಂತಿದ್ದ ಫಕೀರೇಶ ಅದನ್ನು ಕೇಳಿ ತಲೆ ತಗ್ಗಿಸಿ ಹೋಳಿಗೆ ಮುರಿದ. ಅವನು ತಲೆ ತಗ್ಗಿಸಿದ್ದನ್ನು ಅವಳು ನೋಡಿದಳು. ಮನೆಗೆ ಬರುವಾಗ ಟಂಟಂನ ಹಿಂದೆ ಕುಳಿತ ಮಗಳು ಸೃಷ್ಟಿ, ಪಿಯುಸಿ ಓದುವವಳು, ಒಂದೇ ಮಾತು ಅಂದಳು: "ಅವ್ವ, ನೀ ಸೆರಗ ಸರಿಯಾಗಿ ಹೊದ್ಕೋಬೇಕಿತ್ತು."

ದೀಪಾವಳಿ ಕಳೆಯುವಷ್ಟರಲ್ಲಿ ರಾಜೇಶ್ವರಿ ಅದೇ ಮಗಳ ಮೊಬೈಲಿನಲ್ಲಿ ಕೊಬ್ಬು ತೆಗೆಯುವ ಆಪರೇಷನ್ನಿನ ಜಾಹೀರಾತು ಹುಡುಕಿಸಿ, ನಗರದ ಒಂದು ಕ್ಲಿನಿಕ್ಕಿಗೆ ಹೋಗಿ ಬಂದಿದ್ದಳು. ಲಿಪೊಸಕ್ಷನ್ ಎಂಬ ಹೆಸರು ಅವಳ ನಾಲಿಗೆಗೆ ಸಲೀಸಾಗಿರಲಿಲ್ಲ. ಅಲ್ಲಿ ಕೋಟು ಹಾಕಿದ ಹುಡುಗಿಯೊಬ್ಬಳು ಮೊದಲು ಹೀಗಿತ್ತು, ಆಮೇಲೆ ಹೀಗಾಯಿತು ಎಂದು ಫೋಟೊ ತೋರಿಸಿದಳು. ಫೋಟೊದಲ್ಲಿದ್ದ ಹೆಂಗಸರಿಗೆ ಮುಖ ಇರಲಿಲ್ಲ. ಶುಗರ್ ಇದೆಯೇ, ಬಿಪಿ ಇದೆಯೇ, ತಂಬಾಕು, ಗುಟ್ಕಾ, ಸಿಗರೇಟು ಏನಾದರೂ ಇದೆಯೇ ಎಂದು ಕೇಳಿದಳು.

"ಛೀ, ಇಲ್ರಿ. ನಮ್ಮ ಮನ್ಯಾಗ ಈಗ ಅಂಥಾದ್ದೇನೂ ಇಲ್ಲ" ಎಂದಳು ರಾಜೇಶ್ವರಿ. ಅದು ಸುಳ್ಳಲ್ಲ. ಅವಳು ಪೂರ್ತಿ ನಂಬಿ ಹೇಳಿದ ಮಾತು.

ಡಾಕ್ಟರರು ಹೊಟ್ಟೆಯನ್ನು ಹಿಡಿಯಲ್ಲಿ ಹಿಡಿದು ನೋಡಿ, ಬೆಳಿಗ್ಗೆ ಬಂದರೆ ಸಂಜೆಗೆ ಮನೆ, ಸಂಕ್ರಾಂತಿ ಮುಗಿದ ಕೂಡಲೇ ಮಾಡೋಣ ಎಂದರು. ಅವಳು ಏನನ್ನೂ ಕೇಳಲಿಲ್ಲ. ಡಾಕ್ಟರರ ಮುಂದೆ ಪ್ರಶ್ನೆ ಕೇಳುವುದು ನಮ್ಮ ಜನಕ್ಕೆ ಉದ್ಧಟತನ ಅನಿಸುತ್ತದೆ. ಜೋಳ ಕೊಳ್ಳುವಾಗ ಕಾಳು ಕಡಿದು, ಮೂಸಿ, ನಾಲ್ಕು ಅಂಗಡಿ ತಿರುಗಿ ಕೊಳ್ಳುವ ಹೆಂಗಸು ತನ್ನ ಹೊಟ್ಟೆಯನ್ನು ಒಂದೇ ಮಾತಿಗೆ ಒಪ್ಪಿಸಿ ಬಂದಳು.

ಆ ವಾರ ರೊಟ್ಟಿಯ ಕಟ್ಟು ಕೊಡಲು ಬಂದಾಗ ನನಗೆ ಈ ವಿಷಯ ಹೇಳಿದಳು. ನಾನು ವೈದ್ಯಕೀಯ ಕಾಲೇಜಿನಲ್ಲಿ ಪಾಠ ಹೇಳಿದವಳೆಂದು ಅವಳಿಗೆ ಗೊತ್ತು. ಸಲಹೆ ಕೇಳಲು ಬಂದಿರಲಿಲ್ಲ, ಹೌದೆನಿಸಿಕೊಳ್ಳಲು ಬಂದಿದ್ದಳು.

"ತೂಕ ಎಷ್ಟ ಇಳಿತೈತಿ ಅಂತ ತಿಳ್ಕೊಂಡಿ?" ಎಂದೆ.

"ಹೊಟ್ಟಿ ಪೂರಾ ಹೋಗತೈತಲ್ರಿ. ಅರ್ಧಾ ಮೈ ಇಳಿದಂಗ."

"ಇದು ತೂಕ ಇಳಿಸೂ ಆಪರೇಷನ್ ಅಲ್ಲ. ಚರ್ಮದ ಕೆಳಗಿನ ಕೊಬ್ಬು ಒಂದೆರಡು ಕಡೆ ಎಳದು ತಗೀತಾರ, ಅದಕ್ಕೂ ಮಿತಿ ಐತಿ. ಭಾಳ ತಗದ್ರ ಜೀವಕ್ಕ ಅಪಾಯ. ಕರುಳಿನ ಸುತ್ತ ಇರೂ ಕೊಬ್ಬಿಗೆ ಆ ಕೊಳವಿ ಹೋಗೂದ ಇಲ್ಲ. ಜೋತಬಿದ್ದ ಚರ್ಮ ತಾನಾಗೇ ಬಿಗಿಯೂದಿಲ್ಲ. ಮುಂದ ತಿಂದು ದಪ್ಪ ಆದ್ರ ಮತ್ತ ಬರತೈತಿ."

"ಬಸರಿ ಅನ್ನಬಾರದು ಅಷ್ಟ ಆದ್ರ ಸಾಕ್ರಿ."

"ಆಮ್ಯಾಲ ವಾರಗಟ್ಟಲೆ ಬಿಗಿ ಪಟ್ಟಾ ಹಾಕ್ಕೊಂಡಿರಬೇಕು. ಬಾವು ಇಳಿಯಾಕ ತಿಂಗಳಗಟ್ಟಲೆ. ಒಲಿ ಮುಂದ ಪಟ್ಟಾ ಕಟ್ಟಿ ಹೆಂಗ ಕುಂಡ್ರತಿ?"

"ಒಂದ ವಾರ ನನ್ನ ಜೋಡಿ ರೊಟ್ಟಿ ಬಡಿಯೂ ಶಿವಬಸವ್ವ ನೋಡ್ಕೋತಾಳ್ರಿ."

"ಒಂದ ವಾರ ಅಲ್ಲಾ. ಅರಿವಳಿಕೆ ಕೊಡೂ ಡಾಕ್ಟರ್ ಯಾರು? ಏನರ ಹೆಚ್ಚುಕಮ್ಮಿ ಆದ್ರ ಯಾವ ದವಾಖಾನಿಗೆ ಒಯ್ತಾರ?"

ಅವಳಿಗೆ ಗೊತ್ತಿರಲಿಲ್ಲ. ಕೇಳು ಎಂದೆ. ಕೇಳಲಿಲ್ಲ ಎಂದು ಆಮೇಲೆ ತಿಳಿಯಿತು. ಮಾತಾಡುವಾಗ ಅವಳ ಬಲ ಮಣಿಕಟ್ಟಿನ ಮೇಲೆ ಬಟ್ಟೆಯ ಚಿಂದಿ ಸುತ್ತಿತ್ತು. ದಸರೆಯ ಗಡಿಬಿಡಿಯಲ್ಲಿ ಹಂಚಿನ ಅಂಚು ತಗುಲಿ ಸುಟ್ಟ ಗಾಯ; ಇನ್ನೂ ಹಸಿಯಾಗಿತ್ತು.

ಗಂಡನಿಗೆ ಅವಳು ನಿಜ ಹೇಳಲಿಲ್ಲ. ಹರ್ನಿಯಾ ಎಂದಳು. ಹರ್ನಿಯಾ ಎಂದರೆ ಯಾರೂ ನಗುವುದಿಲ್ಲ. ಅತ್ತೆಯ ಕಡೆಯವರಿಗೂ ಅದನ್ನೇ ಹೇಳಿಸಿದಳು. ಮನೆಮಂದಿಯಲ್ಲಿ ನಿಜ ಗೊತ್ತಿದ್ದವರು ಸೃಷ್ಟಿ ಮತ್ತು ಹೊಳೆವ್ವ ಇಬ್ಬರೇ. ಹೀಗೆ ಅವಳು ತನಗೆ ತಾನೇ ಹಿಂದಿನ ಬಾಗಿಲು ಮುಚ್ಚಿಕೊಂಡಳು: ಆಸ್ಪತ್ರೆಗೆ ಹೋಗಿ ಹೊಟ್ಟೆಯ ಸಮೇತ ಮರಳಿ ಬಂದರೆ ಏನು ಹೇಳುವುದು?

ಸಂಕ್ರಾಂತಿ ಕಳೆದ ಮೇಲೆ ನಿಗದಿಯಾದ ದಿನ ಬೆಳಿಗ್ಗೆ ತಾಯಿಯ ಜೊತೆ ಕ್ಲಿನಿಕ್ಕಿಗೆ ಹೋದಳು. ರಾತ್ರಿಯಿಂದ ಅನ್ನ ನೀರು ಮುಟ್ಟಬೇಡಿ ಎಂದಿದ್ದರು, ಮುಟ್ಟಿರಲಿಲ್ಲ. ಉಪವಾಸದ ಹೊಟ್ಟೆ, ಒಣಗಿದ ಬಾಯಿ, ಅಂಜಿಕೆ. ಮನೆಯಲ್ಲಿ ಒಮ್ಮೆ ಹಲ್ಲು ತಿಕ್ಕಿದ್ದಳು. ಕ್ಲಿನಿಕ್ಕಿನ ಬಚ್ಚಲಲ್ಲಿ ಇನ್ನೊಮ್ಮೆ. ಹಸಿರು ಗೌನು ತೊಡಿಸಿ ಮಲಗಿಸಿದ ಮೇಲೆ ಹೊಳೆವ್ವ ಉಡಿಯಿಂದ ಡಬ್ಬಿ ತೆಗೆದು, "ಬಾಯಿ ಒಣಗೇತಲ್ಲ, ಒಂದೀಟ ಹಚ್ಕೊ, ಎದಿ ಗಟ್ಟಿ ಆಗತೈತಿ" ಎಂದಳು. ಹಚ್ಚಿಕೊಂಡಳು. ಅನ್ನವಲ್ಲ, ನೀರಲ್ಲ, ಹಲ್ಲುಪುಡಿಗೆ ಯಾರು ಬೇಡವೆನ್ನುತ್ತಾರೆ?

ಡಾಕ್ಟರರು ಬಂದು ಅವಳನ್ನು ನಿಲ್ಲಿಸಿ ಹೊಟ್ಟೆಯ ಮೇಲೆ ಗೆರೆ ಎಳೆದರು. ಎಲ್ಲೆಲ್ಲಿ ಕೊಳವೆ ಹೋಗಬೇಕೋ ಅಲ್ಲೆಲ್ಲ ನೇರಳೆ ಬಣ್ಣದ ಸುತ್ತುಗಳು, ಒಂದರೊಳಗೊಂದು. ಅವಳು ಗೋಡೆ ನೋಡುತ್ತ ನಿಂತಿದ್ದಳು. ಗೆರೆ ಎಳೆದು ಮುಗಿದಾಗ ಅರಿವಳಿಕೆಯ ವೈದ್ಯೆ ಡಾಕ್ಟರ್ ಶಮೀಮ ಒಳಗೆ ಬಂದಳು. ಆ ಕ್ಲಿನಿಕ್ಕು ಆಪರೇಷನ್ ಇದ್ದ ದಿನ ಮಾತ್ರ ಅವಳನ್ನು ಹೊರಗಿನಿಂದ ಕರೆಸುತ್ತಿತ್ತು. ಒಂದು ಕಾಲಕ್ಕೆ ನನ್ನ ತರಗತಿಯಲ್ಲಿ ಕುಳಿತವಳು. ಮುಂದಿನದನ್ನು ನಾನು ಅವಳಿಂದಲೂ, ರಾಜೇಶ್ವರಿಯಿಂದಲೂ ಬೇರೆ ಬೇರೆಯಾಗಿ ಕೇಳಿದ್ದೇನೆ. ಇಬ್ಬರ ಮಾತೂ ತಾಳೆಯಾಯಿತು. ಬರೆಯಲು ಇಬ್ಬರೂ ಒಪ್ಪಿದ್ದಾರೆ.

ಶಮೀಮ ನಾಡಿ ಹಿಡಿದಳು. ಓಡುತ್ತಿತ್ತು. ಬಿಪಿ ನೋಡಿದಳು, ಏರಿತ್ತು. ಅಂಜಿಕೆ ಇರಬಹುದು ಎಂದುಕೊಂಡು, ಉಸಿರಿನ ನಳಿಗೆ ಹಾಕಬೇಕಾದರೆ ದಾರಿ ಹೇಗಿದೆ ನೋಡಲು, "ಬಾಯಿ ಅಗಲ ತಗೀರಿ" ಎಂದಳು.

ವಸಡಿನ ಅಂಚಿಗೆ ಕಪ್ಪು ಗೆರೆ. ಕೆಳತುಟಿಯ ಒಳಗೆ ಚರ್ಮ ಬೆಳ್ಳಗೆ ಮುದುಡಿತ್ತು. ಮೇಲೆ ಹಸಿಹಸಿ ಪುಡಿ.

"ಏನ ಹಚ್ಚೀರಿ?"

"ಹಲ್ಲು ತಿಕ್ಕೇನ್ರಿ ಮೇಡಮ್ಮಾರ."

"ಯಾತರ್ಲೆ?"

"ಮಿಶ್ರೀಲೆ."

ಶಮೀಮ ಕೈಗವಸು ಬಿಚ್ಚಿದಳು. "ದಿನಕ್ಕ ಎಷ್ಟ ಸಲ ಹಲ್ಲು ತಿಕ್ತೀರಿ?"

"ಮುಂಜಾನೆ ಎದ್ದ ಕೂಡ್ಲೆ. ಚಾ ಕುಡದಮ್ಯಾಲ. ಒಂದ ಬುಟ್ಟಿ ಇಳಿಸಿದ ಮ್ಯಾಲ, ಮತ್ತ ಇನ್ನೊಂದು ಬುಟ್ಟಿ ಆದಮ್ಯಾಲ. ಊಟ ಆಗಿ. ಸಂಜಿಮುಂದ. ಮಲಗೂಮುಂದ."

"ಇಷ್ಟ ಸಲ ಯಾರ ಹಲ್ಲು ತಿಕ್ತಾರ್ರೀ?"

"ನಮ್ಮಲ್ಲೆ ಎಲ್ಲಾರೂ ತಿಕ್ತಾರ್ರಿ" ಎಂದು ಹೊಳೆವ್ವ ಮೂಲೆಯಿಂದ ಎದ್ದು ಬಂದಳು. "ನನ್ನ ಹಲ್ಲು ನೋಡ್ರಿ. ಒಂದೂ ಬಿದ್ದಿಲ್ಲ. ನಿಮ್ಮ ಬ್ರಶ್ಶು ತಿಕ್ಕೂ ಮಂದಿದು ನೋಡ್ರಿ, ನಲವತ್ತಕ್ಕ ಬೊಚ್ಚಬಾಯಿ."

"ಅವ್ವಾರ, ನಾ ಹಲ್ಲಿನ ಡಾಕ್ಟರ್ ಅಲ್ರಿ. ತಂಬಾಕು ಐತೇನು ಅಂತ ಕೇಳಿದಾಗ ಇಲ್ಲ ಅಂದಾರ ಇವರು."

"ತಂಬಾಕು ಎಲ್ಲೆ ಐತ್ರಿ?" ಎಂದಳು ರಾಜೇಶ್ವರಿ. "ನಮ್ಮವ್ವ ಹುರದು ಪುಡಿ ಮಾಡತಾಳ."

"ಏನ ಹುರೀತಾಳ?"

ಆ ಎಲೆಯನ್ನು ಸಂತೆಯಿಂದ ತರುತ್ತಿದ್ದವಳೇ ರಾಜೇಶ್ವರಿ. ಅಂಗಡಿಯವನ ಹತ್ತಿರ ಅದನ್ನು ಹೆಸರು ಹಿಡಿದೇ ಕೇಳುತ್ತಿದ್ದಳು.

ಶಮೀಮ ಹಾಸಿಗೆಯ ಪಕ್ಕ ಕುಳಿತು ಹೇಳಿದಳು. "ಕೊಳವಿ ಹಾಕಿ ಕೊಬ್ಬು ತಗದಮ್ಯಾಲ ಮ್ಯಾಲಿನ ಚರ್ಮಕ್ಕ ಸಣ್ಣ ಸಣ್ಣ ನಾಳದಾಗ ಅಷ್ಟ ರಕ್ತ ಬರತೈತಿ. ತಂಬಾಕು ಆ ನಾಳಾ ಹಿಂಡತೈತಿ, ಸೇದ್ರೂ ಅಷ್ಟ, ವಸಡಿಗೆ ತಿಕ್ಕಿದ್ರೂ ಅಷ್ಟ. ರಕ್ತ ಸಾಲಲಿಲ್ಲಂದ್ರ ಹೊಟ್ಟಿ ಮ್ಯಾಲಿನ ಚರ್ಮ ಕರ್ರಗಾಗಿ ಸಾಯಬಹುದು. ಕೀವ ಆಗಬಹುದು. ರಕ್ತ ಹೆಪ್ಪಗಟ್ಟಿ ಕಾಲಿನಿಂದ ಪುಪ್ಪಸಕ್ಕ ಹೋಗಬಹುದು. ಎಲ್ಲಾರಿಗೂ ಆಗೂದಿಲ್ಲ. ನಿಮಗ ಆಗೂದಿಲ್ಲ ಅಂತ ನಾ ಹೇಳಾಕ ಬರೂದಿಲ್ಲ. ಕನಿಷ್ಠ ಒಂದ ತಿಂಗಳು ಪೂರಾ ಬಿಟ್ಟು ಬರ್ರಿ. ಇವತ್ತ ನಾ ಅರಿವಳಿಕೆ ಕೊಡೂದಿಲ್ಲ."

ಡಾಕ್ಟರರು ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದರು. "ಮೇಡಂ, ಇದೇನ ಹಾರ್ಟ್ ಆಪರೇಷನ್ ಅಲ್ಲ."

"ಹಾರ್ಟ್ ಆಪರೇಷನ್ ಆಗಿದ್ರ ಈಗಿಂದೀಗ ಕೊಡ್ತಿದ್ದೆ. ಅದನ್ನ ತಡದ್ರ ಜೀವಾ ಹೋಗತೈತಿ. ಇದನ್ನ ಒಂದ ತಿಂಗಳು ತಡದ್ರ ಏನ ಹೋಗತೈತಿ ಹೇಳ್ರಿ?"

"ಹಂಗಾದ್ರ ಆ ಜಾಗಾ ಅಷ್ಟ ಜೋಮ ಹಿಡಿಸೂ ಇಂಜೆಕ್ಷನ್ ಕೊಟ್ಟು ನಾನ ಮಾಡ್ತೇನಿ."

"ಇಷ್ಟ ಜಾಗಾಕ್ಕ ಎಷ್ಟ ಔಷಧ ಹಾಕ್ತೀರಿ? ಅದೂ ಹೆಚ್ಚಾದ್ರ ಹಾರ್ಟಿಗೆ ಹೊಡಿತೈತಿ. ನೀವು ಕೊಳವಿ ಹಿಡಿದಾಗ ಆಕಿ ಉಸಿರು ನೋಡಾವ್ರು ಯಾರು?"

ಡಾಕ್ಟರರು ರಾಜೇಶ್ವರಿಯ ಕಡೆ ತಿರುಗಿದರು. "ನೀವ ಹೇಳ್ರಿ. ಇಂಥಾವ ಭಾಳ ಮಾಡೇನಿ. ನೀವು ಸೈ ಅಂದ್ರ ಇವತ್ತ ಮುಗಿಸೂಣು. ಹೊಳ್ಳಿ ಹೋದ್ರ ಮತ್ತ ಯಾವಾಗ ಡೇಟ್ ಸಿಗತೈತೋ ನಾ ಹೇಳಾಕ ಆಗೂದಿಲ್ಲ."

ನರ್ಸು ಟ್ರೇ ಹಿಡಿದು ನಿಂತಿದ್ದಳು. ಹೊಳೆವ್ವ ಡಬ್ಬಿಯನ್ನು ಉಡಿಯೊಳಗೆ ಸರಿಸಿಕೊಂಡಳು. ರಾಜೇಶ್ವರಿಗೆ ಮೊದಲು ಕಂಡದ್ದು ಸಾವಲ್ಲ, ಸಂಜೆ. ಫಕೀರೇಶ ಟಂಟಂ ತರುತ್ತಾನೆ. ಹರ್ನಿಯಾ ಎಲ್ಲಿ ಎನ್ನುತ್ತಾನೆ. ಇನ್ನೆರಡು ತಿಂಗಳಿಗೆ ಕುಬಸದ ಆ ಹುಡುಗಿಯ ಕೂಸಿನ ತೊಟ್ಟಿಲ ಕಾರ್ಯ. ಅದೇ ಮನೆ, ಅದೇ ಮುದುಕಿ, ಅದೇ ಸಾಲು. ಸೈ ಎಂದುಬಿಟ್ಟರೆ ಒಂದೇ ದಿನದ ಮಾತು. ಇಂಥವು ಭಾಳ ಮಾಡೇನಿ ಎನ್ನುತ್ತಾರೆ. ಭಾಳ ಮಂದಿಗೆ ಏನೂ ಆಗಿರಲಿಕ್ಕಿಲ್ಲ. ಅವಳ ತುಟಿ ತೆರೆಯಿತು. ಸೈ ಎನ್ನಲಿಕ್ಕೇ ತೆರೆದದ್ದು, ಆಮೇಲೆ ಅವಳೇ ನನಗೆ ಹೇಳಿದಳು.

ಗೌನಿನ ತೋಳು ಗಿಡ್ಡವಿತ್ತು. ಮಣಿಕಟ್ಟಿನ ಚಿಂದಿಯನ್ನು ನರ್ಸು ಆಗಲೇ ಬಿಚ್ಚಿ ಎಸೆದಿದ್ದಳು. ಸುಟ್ಟ ಗಾಯ ಬಿಳಿಯ ದೀಪದ ಕೆಳಗೆ ಕೆಂಪಗೆ ಕಾಣುತ್ತಿತ್ತು.

"ಮೇಡಮ್ಮಾರ, ಇದು ದಸರಿಗೆ ಸುಟ್ಟದ್ದು. ಇನ್ನೂ ಮಾಯವಲ್ದು. ಇದೂ ಅದಕ್ಕನ ಏನ್ರಿ?"

ಶಮೀಮ ಗಾಯ ನೋಡಿದಳು. "ನಿಮಗ ಸಕ್ಕರಿ ಇಲ್ಲ, ಪರೀಕ್ಷಾ ಆಗೇತಿ. ಒಲಿ ಮುಂದ ದಿನಾ ಕಾಯತೈತಿ, ಅದೂ ಒಂದು ಕಾರಣ. ತಂಬಾಕೂ ಒಂದು ಇರಬಹುದು."

"ಬಳಿ ಅಗಲ ಸುಟ್ಟದ್ದ ಹಿಂಗಾದ್ರ, ಹೊಟ್ಟಿ ತುಂಬ ಆದ್ರ?"

ಡಾಕ್ಟರರು ಗಡಿಯಾರ ನೋಡಿದರು. ರಾಜೇಶ್ವರಿ ಗೌನನ್ನು ಹಿಂದೆ ಹಿಡಿದುಕೊಂಡು ಮಂಚದಿಂದ ಇಳಿದು, "ನನ್ನ ಸೀರಿ ಕೊಡ್ರಿ" ಎಂದಳು.

ಫಕೀರೇಶ ಬಂದಾಗ ಅವಳು ಕ್ಲಿನಿಕ್ಕಿನ ಹೊರಗೆ ಕಟ್ಟೆಯ ಮೇಲೆ ಕುಳಿತಿದ್ದಳು.

"ಆತ? ತಗದ್ರ ಹರ್ನಿಯಾ?"

"ಹರ್ನಿಯಾ ಇದ್ದಿಲ್ಲ."

"ಮತ್ತ ಏನಿತ್ತು?"

ಅವಳು ಟಂಟಂನಲ್ಲಿ ಕುಳಿತು, ಗೋಪನಕೊಪ್ಪ ಬರುವವರೆಗೆ ಎಲ್ಲವನ್ನೂ ಹೇಳಿದಳು. ಮಿಶ್ರಿಯ ಮಾತು ಬಂದಾಗ ಅವನು ಗಾಡಿಯನ್ನು ಬದಿಗೆ ನಿಲ್ಲಿಸಿದ. ನಗು ತಡೆಯಲಾಗಲಿಲ್ಲ.

"ನನ್ನ ಗುಟ್ಕಾ ಒಲಿಗೆ ಹಾಕಿದಾಕಿ ನೀ! ಓಣಿ ಮಂದಿ ಮುಂದ ನನ್ನ ಮರ್ಯಾದಿ ತಗದಾಕಿ! ಹಲ್ಲು ತಿಕ್ತಿದ್ದಳಂತ, ಹಲ್ಲು! ಏನತ್ತಿ, ನೀವೂ ಹಲ್ಲ ತಿಕ್ಕೂದ ಏನ್ರಿ ಇಷ್ಟ ದಿನಾ?"

ಹೊಳೆವ್ವ ಮುಖ ತಿರುಗಿಸಿದಳು. ರಾಜೇಶ್ವರಿ ಅವನ ನಗು ಮುಗಿಯಲಿ ಎಂದು ಕಾದಳು. ಅದು ಮುಗಿಯುವಂತೆ ಕಾಣಲಿಲ್ಲ.

"ಕುಬಸದಾಗ ಆ ಮುದುಕಿ ಮಾತಿಗೆ ನೀವು ತಲಿ ಕೆಳಗ ಹಾಕಿದ್ರಿ" ಎಂದಳು. "ನನ್ನ ಹೆಂಡ್ತಿ ಬಗ್ಗೆ ಹಿಂಗ ಅನಬ್ಯಾಡ್ರಿ ಅನಲಿಲ್ಲ. ಹೋಳಗಿ ತಿಂದ್ರಿ."

ನಗು ನಿಂತಿತು. ಅವನು ಗಾಡಿ ಶುರು ಮಾಡಿದ.

ಹೊಟ್ಟೆಯ ಮೇಲಿನ ನೇರಳೆ ಗೆರೆಗಳು ಹಲವು ಸ್ನಾನಗಳವರೆಗೆ ಹೋಗಲಿಲ್ಲ. ಮಿಶ್ರಿ ಬಿಡುವುದು ಅದಕ್ಕಿಂತ ಕಠಿಣವಾಯಿತು. ತಲೆನೋವು, ಮೈ ಪರಪರ, ವಸಡು ತುರಿಕೆ. ಕೈ ನಡುಗಿ ರೊಟ್ಟಿ ಅಂಚಿನಲ್ಲಿ ಸೀಳುತ್ತಿತ್ತು. ಖಾನಾವಳಿಯವನು ತಕರಾರು ಮಾಡಿದ. ಅವಳ ಪಕ್ಕದಲ್ಲೇ ಕುಳಿತು ರೊಟ್ಟಿ ಬಡಿಯುವ ಶಿವಬಸವ್ವ ಬೇಕೆಂದೇ ನಿಧಾನವಾಗಿ ವಸಡಿಗೆ ತಿಕ್ಕುತ್ತ, "ಡಾಕ್ಟರಮ್ಮಗೋಳ, ನಮಗೂ ಒಂದೀಟ ಬುದ್ಧಿ ಹೇಳ್ರೆವಾ" ಎಂದು ಚುಚ್ಚುತ್ತಿದ್ದಳು. ಹೊಳೆವ್ವ ಮಗಳ ಮೇಲೆ ಮುನಿಸಿಕೊಂಡು, ಎಲೆ ಹುರಿಯುವುದನ್ನು ಮಾತ್ರ ನಿಲ್ಲಿಸಲಿಲ್ಲ. ಹುರಿಯುವ ವಾಸನೆ ಶೆಡ್ಡಿನ ತುಂಬ. ರಾಜೇಶ್ವರಿ ಎದ್ದು ಗಿರಣಿಯ ಮುಂದೆ ಹೋಗಿ ನಿಲ್ಲುತ್ತಿದ್ದಳು, ವಾಸನೆ ಹೋದ ಮೇಲೆ ಬರುತ್ತಿದ್ದಳು. ಸೃಷ್ಟಿ ಕಾಲೇಜಿನಿಂದ ಬಂದ ಕೂಡಲೇ "ಬಾಯಿ ತಗಿ" ಎನ್ನುತ್ತಿದ್ದಳು. ತಾಯಿ ತೆಗೆಯುತ್ತಿದ್ದಳು.

ಈ ಸಲ ಅವಳು ನನ್ನ ಹತ್ತಿರ ಪ್ರಶ್ನೆಗಳಿಗಾಗಿಯೇ ಬಂದಳು. ಹೇಳಿದೆ: ಆ ಡಾಕ್ಟರು ಯಾವ ವಿದ್ಯೆ ಕಲಿತವರು, ಅರಿವಳಿಕೆ ಯಾರು ಕೊಡುತ್ತಾರೆ, ಕಷ್ಟ ಬಂದರೆ ಅದೇ ಕಟ್ಟಡದಲ್ಲಿ ತುರ್ತು ಚಿಕಿತ್ಸೆ ಇದೆಯೇ ಎಂದು ಕೇಳು. ನೀನು ನುಂಗುವ ಗುಳಿಗೆ, ಕುಡಿಯುವ ಕಷಾಯ ಎಲ್ಲವನ್ನೂ ಹೇಳು, ಔಷಧ ಅನಿಸದಿದ್ದರೂ ಹೇಳು. ಏನು ಆಗುವುದಿಲ್ಲ ಎಂಬುದನ್ನು ಅವರ ಬಾಯಿಂದಲೇ ಕೇಳು. ಆಗುವುದನ್ನು ಅವರು ತಾವಾಗಿಯೇ ಹೇಳುತ್ತಾರೆ.

ಶಮೀಮ ಹೇಳಿದ ದೊಡ್ಡ ಆಸ್ಪತ್ರೆಗೆ ಅವಳು ಮಗಳೊಂದಿಗೆ ಹೋದಳು. ಅಲ್ಲಿಯ ಪ್ಲಾಸ್ಟಿಕ್ ಸರ್ಜನ್ ಅವಳನ್ನು ಅಂಗಾತ ಮಲಗಿಸಿ, ತಲೆ ಮಾತ್ರ ಎತ್ತಿಸಿ, ಹೊಟ್ಟೆಯ ನಡುವೆ ಬೆರಳಿಟ್ಟು ನೋಡಿದರು. ಹೆರಿಗೆಗಳಲ್ಲಿ ಹೊಟ್ಟೆಯ ಸ್ನಾಯುಗಳು ನಡುವೆ ಅಗಲಿದ್ದವು. ಕೊಬ್ಬು ತೆಗೆದರೆ ಪಕ್ಕಗಳೂ ಹೊಕ್ಕುಳ ಕೆಳಭಾಗವೂ ಇಳಿಯುತ್ತವೆ. ನಡುವಿನ ಉಬ್ಬು ಪೂರ್ತಿ ಹೋಗುವುದಿಲ್ಲ, ಅದಕ್ಕೆ ಬೇರೆ ದೊಡ್ಡ ಆಪರೇಷನ್ನೇ ಬೇಕು ಎಂದರು. ಮೊದಲ ಕ್ಲಿನಿಕ್ಕಿನಲ್ಲಿ ಯಾರೂ ತಲೆ ಎತ್ತಿಸಿರಲಿಲ್ಲ.

"ಅರ್ಧಾ ಹೋದ್ರೂ ಸಾಕ್ರಿ" ಎಂದಳು ರಾಜೇಶ್ವರಿ. ತೂಗಿ ಹೇಳಿದ ಮಾತು. ಯುಗಾದಿಯ ನಂತರ ದಿನ ಗೊತ್ತಾಯಿತು. ಮಣಿಕಟ್ಟಿನ ಗಾಯ ಅಷ್ಟರಲ್ಲಿ ಒಣಗಿ ಹೊಸ ಚರ್ಮ ಹಿಡಿದಿತ್ತು.

ಆಪರೇಷನ್ನಿನ ಮುಂಚಿನ ತಪಾಸಣೆಗೆ ಕರೆದ ದಿನದ ಹಿಂದಿನ ದಿನವೇ ಹಳೇ ಹುಬ್ಬಳ್ಳಿಯ ತೊಟ್ಟಿಲ ಕಾರ್ಯ ಬಂತು. ಹೋಗದಿದ್ದರೆ ಸಂಬಂಧ ಕೆಡುತ್ತದೆ, ಹೋದಳು. ಸೆರಗನ್ನು ಎರಡು ಸುತ್ತು ಹೊದ್ದಿದ್ದಳು. ಮುದುಕಿ ಸಾಲಿನಲ್ಲಿ ತಡಕಾಡುತ್ತ ಬಂದು ಅವಳ ಹೊಟ್ಟೆಯ ಮೇಲೆ ಕೈಯಿಟ್ಟಳು.

"ಈಕಿ ಇನ್ನೂ ಹಡದಿಲ್ಲೇನ?"

ಈ ಸಲ ಫಕೀರೇಶ ಬಾಗಿಲಿನಿಂದಲೇ, "ಏ ಮುದುಕಿ, ಕೈ ತಗಿ. ಮದ್ಲ ಕಣ್ಣಿನ ಆಪರೇಷನ್ ಮಾಡಿಸ್ಕೊ ನೀ" ಎಂದ. ಹೆಂಗಸರು ಈಗ ಮುದುಕಿಯ ಕಡೆ ತಿರುಗಿ ನಕ್ಕರು. ಆದರೆ ರಾಜೇಶ್ವರಿ ಆಗಲೇ ಸಾಲಿನಿಂದ ಸರಿದಿದ್ದಳು. ಹಿತ್ತಲಿಗೆ ಹೋದಳು. ಹೊಳೆವ್ವ ಅಲ್ಲಿ ಬಾವಿಕಟ್ಟೆಯ ಹತ್ತಿರ ಡಬ್ಬಿ ತೆರೆದು ಕುಳಿತಿದ್ದಳು. ರಾಜೇಶ್ವರಿಯನ್ನು ಕಂಡು ಡಬ್ಬಿ ಮುಂದೆ ಹಿಡಿದಳು. ಮಗಳು ಬೆರಳು ಅದ್ದಿದಳು.

ಒಂದೇ ಸಲ. ಬಾಯಿ ಮುಕ್ಕಳಿಸಿ, ಸೋಂಪು ತಿಂದು ಹೊರಬಂದಳು. ಸಂಜೆ ಸೃಷ್ಟಿ ಬಾಯಿ ತೆಗೆಸಲಿಲ್ಲ. ಇಷ್ಟು ದಿನವಾದ ಮೇಲೆ ಅವಳಿಗೆ ನಂಬಿಕೆ ಬಂದಿತ್ತು.

ಮರುದಿನ ಆಸ್ಪತ್ರೆಯಲ್ಲಿ ಸರ್ಜನ್ ಎದುರಿಗೆ ಕೂರಿಸಿಕೊಂಡು ಕೇಳಿದರು. ಜ್ವರ? ಇಲ್ಲ. ಗುಳಿಗೆ? ಇಲ್ಲ.

"ಮಿಶ್ರಿ ಬಿಟ್ಟು ಎಷ್ಟ ದಿನಾ ಆತ್ರಿ?"

"ಭಾಳ ದಿನಾ ಆತ್ರಿ ಸರ್, ನಾನ ನೋಡೇನಿ" ಎಂದು ಸೃಷ್ಟಿ ತಾಯಿಯ ಪರವಾಗಿ ಉತ್ತರಿಸಿದಳು.

ಅವರು ತಲೆಯಾಡಿಸಿ ಮುಂದಿನ ಪ್ರಶ್ನೆಗೆ ಹೋಗುವವರಿದ್ದರು. ಹೋಗಿದ್ದರೆ ಆ ವಾರವೇ ಕೆಲಸ ಮುಗಿಯುತ್ತಿತ್ತು. ರಾಜೇಶ್ವರಿ ತನ್ನ ಮಣಿಕಟ್ಟನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡಿದ್ದಳು. ಅಲ್ಲಿ ಹೊಸ ಚರ್ಮ ನುಣ್ಣಗೆ, ತೆಳ್ಳಗೆ ಇತ್ತು.

"ನಿನ್ನೆ ಹಚ್ಚೇನ್ರಿ" ಎಂದಳು.

"ಅವ್ವಾ!"

"ನೀ ಸುಮ್ಮನಿರ. ನಿನ್ನೆ ಒಂದ ಸಲ ಹಚ್ಚೇನ್ರಿ ಸಾಹೇಬ್ರ. ಇದ್ದದ್ದ ಹೇಳೇನಿ. ಮುಂದ ಹಾಕೂದಾದ್ರ ಹಾಕ್ರಿ."

ಮುಂದೆ ಹಾಕಿದರು. ಇನ್ನೊಂದು ತಿಂಗಳು.

ಮನೆಯಲ್ಲಿ ಫಕೀರೇಶ ತಲೆಗೆ ಕೈ ಹಚ್ಚಿದ. "ಒಂದ ಚಿಟಿಕಿ. ಯಾರ ನೋಡಿದ್ರು? ಸುಮ್ಮನಿದ್ದಿದ್ರ ಮುಗೀತಿತ್ತಲ್ಲ."

"ಕೊಯ್ಯೂದು ನಿಮ್ಮ ಹೊಟ್ಟಿ ಅಲ್ಲಲ್ರಿ" ಎಂದಳು.

ಮರುದಿನ ಬೆಳಿಗ್ಗೆ ತಾಯಿ ಬರುವ ಮೊದಲೇ ಶೆಡ್ಡಿಗೆ ಹೋಗಿ, ಮಿಶ್ರಿ ಹುರಿಯುವ ಹಂಚನ್ನು ಇಟ್ಟಿಗೆಯ ಚೂರಿನಿಂದ ತಿಕ್ಕಿ ತೊಳೆದಳು. ಒಲೆಯ ಮೇಲೆ ಕೆಂಪಗೆ ಕಾಯಿಸಿದಳು, ಮತ್ತೆ ತಿಕ್ಕಿದಳು. ಹೊಳೆವ್ವ ಬಂದು ನೋಡಿ, "ನನ್ನ ಹಂಚು ಎಲ್ಲೆ?" ಎಂದಳು. ರಾಜೇಶ್ವರಿ ಒಲೆ ತೋರಿಸಿದಳು. ಅಲ್ಲಿ ಅದೇ ಹಂಚಿನ ಮೇಲೆ ರೊಟ್ಟಿ ಬೇಯುತ್ತಿತ್ತು. ಶಿವಬಸವ್ವ ಮೂಗು ಮುಚ್ಚಿಕೊಂಡು, "ರೊಟ್ಟಿಗೆ ವಾಸನಿ ಹೊಡಿತೈತಲ್ಲೇ ರಾಜಿ" ಎಂದಳು. ಹೊಡೆಯುತ್ತಿತ್ತು. ಆ ಹಂಚಿನ ಮೊದಲ ರೊಟ್ಟಿಗಳನ್ನೆಲ್ಲ ಎಸೆಯಬೇಕಾಯಿತು. ಅವಳು ಎಸೆದು, ಹಂಚಿಗೆ ನೀರು ಸವರಿ, ಇನ್ನೊಂದು ಬಡಿದು ಹಾಕಿದಳು.